ನುಂಗುವ ಭಾನುವಾರ

ನನ್ನ ಗಂಡ ಉಗುಳಿ ಉಗುಳಿಯೇ ಸಂಸಾರ ಸಾಕಿದವರು. ಸೂಪಿನ ಪೊಟ್ಟಣ ಮಾಡುವ ಕಾರ್ಖಾನೆಯಲ್ಲಿ ಅವರಿಗೆ ರುಚಿ ನೋಡುವ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಬಿಳಿ ಕೋಟು ತೊಟ್ಟು ಕೂತರೆ ಸಂಜೆಯೊಳಗೆ ನಲವತ್ತು ಚಮಚ ಸೂಪು ಬಾಯಿಗೆ ಹೋಗುತ್ತದೆ, ನಲವತ್ತೂ ಪಕ್ಕದ ಸ್ಟೀಲ್ ಬೋಗುಣಿಗೆ ಬಂದು ಬೀಳುತ್ತದೆ. ನುಂಗಿದರೆ ಹತ್ತನೆಯ ಚಮಚಕ್ಕೇ ನಾಲಿಗೆ ಸತ್ತುಹೋಗುತ್ತದಂತೆ. ಬಾಯಿಗೆ ಹಾಕಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, ಉಗುಳಿ, ತಪ್ಪು ಹೇಳಬೇಕು. ಇದನ್ನು ಎಷ್ಟು ಶ್ರದ್ಧೆಯಿಂದ ಮಾಡಿದ್ದಾರೆಂದರೆ, ಸೂಪನ್ನು ನುಂಗಲೂಬಹುದು ಎಂಬ ಸಂಗತಿಯೇ ಅವರ ಗಂಟಲಿಗೆ ಮರೆತುಹೋಗಿದೆ.

ಅದಕ್ಕೇ ನಾನು ಮನೆಯಲ್ಲಿ ಸೂಪು ಮಾಡುವುದಿಲ್ಲ. ಬೇರೆಯವರು ಮಾಡಿದರೆ ನಾನೇನು ಮಾಡಲಿ? ಎರಡು ವರ್ಷದ ಹಿಂದೆ ಮಗಳನ್ನು ಮೆಚ್ಚಿದ್ದ ಬ್ಯಾಂಕಿನವನೊಬ್ಬ ನಮ್ಮನ್ನು ಊಟಕ್ಕೆ ಕರೆದ. ಅವನ ತಾಯಿ ಮೊದಲಿಗೇ ಸೂಪು ತಂದಿಟ್ಟರು. ಇವರು ಒಂದು ಚಮಚ ಬಾಯಿಗೆ ಹಾಕಿದರು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದರು, ನಾನು ಮೊಣಕೈಯಲ್ಲಿ ತಿವಿಯುವ ಮೊದಲೇ ಪಕ್ಕದ ಹೂಕುಂಡಕ್ಕೆ ಉಗುಳಿ, “ಹಿಟ್ಟು ಹಸೀ ಇದೆ” ಅಂದರು. ಹಿಟ್ಟು ಹಸಿಯೇ ಇತ್ತು, ನಾನೂ ಕುಡಿದೆನಲ್ಲ. ಸಂಬಂಧ ಮಾತ್ರ ಅಲ್ಲಿಗೇ ಮುರಿಯಿತು.

ಹಾಗಾಗಿ ಈ ಸಲ ಮಗಳು ಲಿಫ್ಟು ರಿಪೇರಿಯವನೊಬ್ಬನ ವಿಷಯ ಎತ್ತಿದಾಗ ಅಪ್ಪನಿಗೆ ಮೊದಲು ಹೇಳಿದ್ದು ಹುಡುಗನ ಗುಣವನ್ನಲ್ಲ, ತನ್ನ ಶರತ್ತನ್ನು.

“ಭಾನುವಾರ ಅವನು ಬರ್ತಾನೆ ಅಪ್ಪ. ನಮ್ಮನೇಲೇ ತಾನೇ ಅಡುಗೆ ಮಾಡ್ತೀನಿ ಅಂತ ಹಟ ಹಿಡಿದಿದಾನೆ. ಅವನಿಗೆ ಬರೋದು ಎರಡೇ. ಟೊಮೆಟೊ ಸೂಪು, ಚೀಸ್ ಸ್ಯಾಂಡ್‌ವಿಚ್ಚು. ನೀನು ನುಂಗ್ಬೇಕು. ನುಂಗಿ, ಚೆನ್ನಾಗಿದೆ ಅನ್ಬೇಕು.”

“ಚೆನ್ನಾಗಿಲ್ದಿದ್ರೆ?”

“ಇನ್ನೂ ಜೋರಾಗಿ ಅನ್ಬೇಕು.”

ಆಮೇಲೆ ಒಣಗಿದ ಬಟ್ಟೆ ಮಡಚುತ್ತ ನನಗೊಬ್ಬಳಿಗೇ ಹೇಳಿದಳು: “ಇದೂ ಕೈತಪ್ಪಿದ್ರೆ ಅಮ್ಮ, ನಾನು ಇನ್ಯಾರನ್ನೂ ಈ ಮನೆಗೆ ಕರ್ಕೊಂಡು ಬರಲ್ಲ.” ಕೂಗಾಡಿದ್ದರೆ ನಾನೂ ಕೂಗಾಡಿ ಮರೆಯುತ್ತಿದ್ದೆ. ಅವಳು ಮೆಲ್ಲಗೆ ಹೇಳಿದ್ದರಿಂದ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಈ ಲಿಫ್ಟಿನವನು ಅವಳಿಗೆ ಸಿಕ್ಕಿದ್ದೂ ಲಿಫ್ಟಿನಲ್ಲೇ. ಅವಳ ಆಫೀಸಿನ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು. ಕಾವಲುಗಾರ ಹೊರಗಿನಿಂದ “ಐದೇ ನಿಮಿಷ, ಐದೇ ನಿಮಿಷ” ಎಂದು ಅರ್ಧ ಗಂಟೆ ಹೇಳಿದನಂತೆ. ಆಮೇಲೆ ಇವನು ಬಂದು ಬಾಗಿಲಿನ ಸಂದಿಯಿಂದ, “ನಲವತ್ತು ನಿಮಿಷ ಆಗತ್ತೆ, ಕೆಳಗೆ ಕೂತ್ಕೊಂಡ್ಬಿಡಿ” ಅಂದ. ನಲವತ್ತೇ ನಿಮಿಷವಾಯಿತು. ಲಿಫ್ಟು ಬೀಳಲಿಲ್ಲ, ಹುಡುಗಿ ಬಿದ್ದಳು.

ವಾರವಿಡೀ ಮನೆಯಲ್ಲಿ ನುಂಗುವ ತಾಲೀಮು ನಡೆಯಿತು. ದಿನಾ ಸಂಜೆ ಅವರ ಕಾರ್ಖಾನೆಯದೇ ಒಂದು ಪೊಟ್ಟಣ ಬಿಸಿನೀರಿಗೆ ಕದಡಿ ಕೊಡುತ್ತಿದ್ದೆ. ಸೋಮವಾರದ್ದು ಸಿಂಕಿಗೆ ಹೋಯಿತು, ಮಂಗಳವಾರದ್ದು ಅಂಗಿಗೆ, ಬುಧವಾರದ್ದು ಮೂಗಿಗೆ. ಗುರುವಾರ ಅರ್ಧ ಒಳಗಿಳಿಯಿತು. ಶುಕ್ರವಾರ ಪೂರ್ತಿ ಬಟ್ಟಲು ಖಾಲಿ ಮಾಡಿ, “ಇದನ್ನ ಜನ ದುಡ್ಡು ಕೊಟ್ಟು ತಗೋತಾರಾ?” ಎಂದು ಕೇಳಿದರು. ಇಷ್ಟು ವರ್ಷ ಸಂಬಳ ತಂದವರು ಕೇಳುವ ಪ್ರಶ್ನೆಯೇ ಅದು!

ಭಾನುವಾರ ಹನ್ನೊಂದಕ್ಕೆ ಅವನು ಬಂದ. ಎತ್ತರದ ಆಳು, ಅಂಗಿಯ ಮುಂಭಾಗಕ್ಕಷ್ಟೇ ಇಸ್ತ್ರಿ ಹಾಕಿದ್ದ. ನಾನು ಹೊಲಿಗೆಯವಳು, ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಹಳೆಯ ಪತ್ರಿಕೆಯಲ್ಲಿ ಸುತ್ತಿ ತನ್ನದೇ ಕಬ್ಬಿಣದ ಕಾವಲಿ ತಂದಿದ್ದ. ಕೈ ತೊಳೆದು ಬೆಳ್ಳುಳ್ಳಿ, ಈರುಳ್ಳಿ ಹೆಚ್ಚಿ ಬೆಣ್ಣೆಯಲ್ಲಿ ಬಾಡಿಸಿದ, ಟೊಮೆಟೊ ಹಾಕಿ ಮುಚ್ಚಿಟ್ಟ, ಮೆತ್ತಗಾದ ಮೇಲೆ ರುಬ್ಬಿ ಮತ್ತೆ ಒಲೆಗಿಟ್ಟ. ನಂತರ ಬ್ರೆಡ್ಡಿಗೆ ಕೈಹಾಕಿದ. ಬೆಣ್ಣೆಯನ್ನು ಹೊರಮೈಗೆ ಅಂಚಿನವರೆಗೂ ಹಚ್ಚಿದ, ಒಳಗೆ ತುರಿದ ಚೀಸು ಹರಡಿದ, ಸಣ್ಣ ಉರಿಯಲ್ಲಿ ಕಾವಲಿಗೆ ಹಾಕಿ ಮೇಲೊಂದು ತಟ್ಟೆ ಒತ್ತಿಹಿಡಿದು, ಮೋಟಾರಿನ ಸದ್ದು ಆಲಿಸುವ ಹಾಗೆ ಕಿವಿ ಬಗ್ಗಿಸಿ ನಿಂತ. ಆ ಬ್ರೆಡ್ಡಿನ ಮೇಲೆ ಅವನಿಗಿದ್ದ ಗಮನ ನೋಡಿ ನನಗೆ ಅವನು ಹಿಡಿಸಿಬಿಟ್ಟ.

ಗಮನವೆಲ್ಲ ಬ್ರೆಡ್ಡಿನ ಮೇಲಿದ್ದರೆ ಸೂಪಿನ ಗತಿ? ತಳ ಹಿಡಿಯಿತು. ಬಾಗಿಲಲ್ಲಿ ನಿಂತಿದ್ದ ನನ್ನ ಮೂಗಿಗೆ ವಾಸನೆ ಎಲ್ಲರಿಗಿಂತ ಮೊದಲು ಬಂತು. ಆದರೆ ನಾನು ಬಾಯಿ ಬಿಡಲಿಲ್ಲ, ಒಬ್ಬರ ನಾಲಿಗೆಯಿಂದ ಒಂದು ಸಂಬಂಧ ಹೋಗಿದ್ದೇ ಸಾಕಾಗಿತ್ತು. ಅವನೇ ತಿರುಗಿ ನೋಡಿ, ಒಲೆ ಆರಿಸಿ, ಸೌಟಿನಿಂದ ಗರಗರ ಕೆರೆದು, ಮಗಳ ಮುಖ ನೋಡಿದ.

“ಪರವಾಗಿಲ್ಲ ಬಿಡು, ಗೊತ್ತಾಗಲ್ಲ” ಅಂದಳು ಅವಳು.

ಮೇಜಿನ ಮೇಲೆ ನಾಲ್ಕು ಬಟ್ಟಲು ಬಂದವು, ನಡುವೆ ಹೊಂಬಣ್ಣದ ಸ್ಯಾಂಡ್‌ವಿಚ್ಚುಗಳ ತಟ್ಟೆ. ಮಗಳು ಅಪ್ಪನ ಗಂಟಲನ್ನೇ ದಿಟ್ಟಿಸಿ ಕೂತಳು. ಇವರು ಚಮಚ ಎತ್ತಿದರು, ಬಾಯಿಗಿಟ್ಟರು. ಕೆನ್ನೆ ಎಡಕ್ಕೆ ಉಬ್ಬಿತು. ಗಂಟಲಿನ ಗಂಟು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಮುಗುಳ್ನಕ್ಕು, “ಬಹಳ ಚೆನ್ನಾಗಿದೆ” ಅಂದರು.

ಅಂದದ್ದು ಎಷ್ಟು ಸಹಜವಾಗಿತ್ತೆಂದರೆ ಸೂಪು ಚೆನ್ನಾಗಿಯೇ ಇರಬೇಕು ಎಂದು ನನಗೇ ಅನ್ನಿಸಿ ಒಂದು ಚಮಚ ಕುಡಿದೆ. ಇದ್ದಿಲು ನೆಕ್ಕಿದ ಹಾಗಿತ್ತು. ಆದರೂ, “ಹೋಟೆಲಲ್ಲೂ ಇಂಥದ್ದು ಸಿಗಲ್ಲಪ್ಪ” ಅಂದೆ. ಕನ್ನಡಿ ಮುಂದೆ ನಿಂತ ಗಿರಾಕಿಗೆ ದಿನವೂ ‘ನಿಮಗೆ ಒಪ್ಪತ್ತೆ’ ಅನ್ನುವವಳಿಗೆ ಇದೇನು ಮಹಾ?

ಅವನು ಚಮಚ ಮುಟ್ಟಿರಲಿಲ್ಲ. “ಸೀದ ವಾಸನೆ ಬರ್ತಿಲ್ವಾ ಸರ್?” ಎಂದು ಕೇಳಿದ.

“ಇಲ್ವಲ್ಲ.”

“ನಿಮಗೆ, ಆಂಟಿ?”

“ಎಲ್ಲಿ? ಏನೂ ಇಲ್ಲ.”

ಮಗಳ ಕಡೆ ತಿರುಗಿದ. ಅವಳು ಇನ್ನೊಂದು ಚಮಚ ಕುಡಿದು ತೋರಿಸಿ, “ಸೂಪರಾಗಿದೆ” ಅಂದಳು.

ಅವನ ಮುಖ ಬಾಡಿತು. “ನಿಮ್ಮಪ್ಪನಿಗೆ ಸುಳ್ಳು ಹೇಳೋಕೆ ಬರಲ್ಲ ಅಂದಿದ್ದೆ ನೀನು. ಅದಕ್ಕೇ ನಾನು ಇಲ್ಲೇ ಅಡುಗೆ ಮಾಡ್ತೀನಿ ಅಂದಿದ್ದು” ಅಂದ. ಮತ್ತೆ ಇವರ ಕಡೆ ತಿರುಗಿ, “ಸರ್, ಈ ಕೆಲಸದಲ್ಲಿ ನನಗಿಂತ ಮೊದಲು ಇದ್ದವನು ಲಿಫ್ಟಿನ ಹಗ್ಗ ಸವೆದಿದ್ರೂ ಎಲ್ಲಾ ಸರಿಯಾಗಿದೆ ಅಂತ ಬರೆದು ಸಹಿ ಹಾಕ್ತಿದ್ದ. ಯಾರಿಗೂ ಬೇಜಾರಾಗಬಾರದು ಅಂತ. ಅದು ಹರಿದ ದಿನ ನಾನೇ ಒಳಗಿದ್ದೋರನ್ನ ಎತ್ತಿದ್ದು. ನನಗೆ ಬೇಜಾರು ಸೂಪು ಸೀದಿದ್ದಕ್ಕಲ್ಲ ಸರ್. ನಾಳೆ ನಾನು ತಪ್ಪು ಮಾಡಿದ್ರೆ ಈ ಮನೇಲಿ ಹೇಳೋರು ಯಾರು?” ಎಂದು ಎದ್ದು, ಕಾವಲಿ ಸುತ್ತಲು ಪತ್ರಿಕೆ ಹುಡುಕತೊಡಗಿದ.

ನೋಡಿ ನಮ್ಮ ಹಣೆಬರಹ. ಉಗುಳಿದ್ದಕ್ಕೆ ಒಂದು ಸಂಬಂಧ ಹೋಯಿತು, ನುಂಗಿದ್ದಕ್ಕೆ ಇನ್ನೊಂದು ಹೊರಟು ನಿಂತಿತ್ತು. ಮಗಳ ಕಣ್ಣು ತುಂಬಿಬಿಟ್ಟಿದ್ದವು. ಇವರು ಅವಳ ಅಪ್ಪಣೆ ಕೇಳುವ ಹಾಗೆ ಅವಳನ್ನೇ ನೋಡಿದರು. ಅವಳು ಹೂಂ ಎಂದು ತಲೆಯಾಡಿಸಿದಳು.

“ಕೂತ್ಕೊಳಯ್ಯ” ಅಂದರು ಇವರು. ಆ ದನಿ ನಾನು ಮನೆಯಲ್ಲಿ ಯಾವತ್ತೂ ಕೇಳಿದ್ದಲ್ಲ, ಕಾರ್ಖಾನೆಯದಿರಬೇಕು. “ತಳ ಹಿಡಿದಿದೆ. ಹಿಡಿದಿದ್ದು ತಪ್ಪಲ್ಲ, ಯಾರಿಗಾದ್ರೂ ಆಗತ್ತೆ. ಕೆರೆದೆ ನೋಡು, ಅದು ತಪ್ಪು. ಮೇಲಿನದಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿದ್ರೆ ಮುಕ್ಕಾಲು ಪಾಲು ಉಳೀತಿತ್ತು. ಟೊಮೆಟೊ ಇನ್ನೂ ದೋರಗಾಯಿ. ಹುಳಿ ಮುಚ್ಚೋಕೆ ಸಕ್ಕರೆ ಸುರಿದಿದೀಯ. ಬೆಳ್ಳುಳ್ಳಿನ ಈರುಳ್ಳಿಗಿಂತ ಮೊದಲು ಹಾಕಿದೀಯ, ಅದು ಕಪ್ಪಾಗಿ ಕಹಿ ಬಿಟ್ಟಿದೆ. ಇದು ನಮ್ಮಲ್ಲಿ ಬಂದಿದ್ರೆ ಇಡೀ ಹಂಡೆ ಚರಂಡಿಗೆ.”

ಅವನು ಕೂತಿದ್ದ. ಬೈಸಿಕೊಳ್ಳುತ್ತ ಬೈಸಿಕೊಳ್ಳುತ್ತ ಅವನ ಮುಖ ಅರಳುತ್ತ ಹೋಯಿತು. ಇಂಥ ಅಳಿಯಂದಿರೂ ಇರುತ್ತಾರೆ!

ಬಳಿಕ ಇವರು ಸ್ಯಾಂಡ್‌ವಿಚ್ಚೊಂದನ್ನು ಮುರಿದರು. ಕರಕರ ಸದ್ದಾಗಿ ಚೀಸು ಮೊಳದುದ್ದ ಎಳೆಯಾಯಿತು. ಕಚ್ಚಿದರು. ಕಣ್ಣು ತಾವಾಗಿ ಮುಚ್ಚಿಕೊಂಡವು, ಹುಬ್ಬು ಸಡಿಲವಾಯಿತು, ಗದ್ದಕ್ಕೆ ಅಂಟಿದ ಎಳೆಯನ್ನೂ ಒರೆಸಿಕೊಳ್ಳಲಿಲ್ಲ. ಒಂದು ಮಾತಿಲ್ಲದೆ ಎರಡು ತಿಂದು ಮೂರನೆಯದಕ್ಕೆ ಕೈಚಾಚಿ, “ಇದರಲ್ಲಿ ಹೇಳೋಕೇನೂ ಇಲ್ಲ” ಅಂದರು. ಮಗಳು ಅಳುತ್ತಲೇ ನಕ್ಕಳು. ಮೂರನೆಯದು ಮುಗಿಯುವಷ್ಟರಲ್ಲಿ ಮದುವೆಯ ತಿಂಗಳೂ ಗೊತ್ತಾಗಿತ್ತು.

ನಾನೂ ನಕ್ಕೆ. ಆದರೆ ಕೈಯಲ್ಲಿದ್ದ ಸ್ಯಾಂಡ್‌ವಿಚ್ಚನ್ನು ತಟ್ಟೆಗೆ ವಾಪಸಿಟ್ಟೆ. ಆ ಮುಚ್ಚಿದ ಕಣ್ಣಿನ ಮುಖವನ್ನು ನಾನು ಅವತ್ತೇ ಮೊದಲು ನೋಡಿದ್ದು. ಸೀದ ಸೂಪು ನುಂಗಿ ಮುಗುಳ್ನಕ್ಕ ಮುಖವಾದರೆ ಚಿರಪರಿಚಿತ. ಮದುವೆಯಾದ ಲಾಗಾಯ್ತು, ದಿನಕ್ಕೆರಡು ಸಲ, ನಾನು ಬಡಿಸಿದ ತಟ್ಟೆಯ ಮೇಲೆ ಅದೇ ಮುಖ ನೋಡಿ, ನನ್ನ ಕೈರುಚಿಗೆ ಈ ಮನುಷ್ಯ ಮರುಳಾಗಿದ್ದಾನೆ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗಿದವಳು ನಾನು. ನಾಚಿಕೆಯಾಯಿತು, ಸಿಟ್ಟೂ ಬಂತು.

ಮಗಳೂ ಅವನೂ ತಿರುಗಾಡಲು ಹೋದ ಮೇಲೆ ಇವರು ಸಿಂಕಿನಲ್ಲಿ ಸೀದ ಪಾತ್ರೆ ಉಜ್ಜುತ್ತ ನಿಂತಿದ್ದರು.

“ರೀ, ನನ್ನ ಅಡುಗೆ ಹೇಗಿರತ್ತೆ?”

“ಚೆನ್ನಾಗಿರತ್ತೆ” ಅಂದು ಮುಗುಳ್ನಕ್ಕರು.

ನಾನು ನಲ್ಲಿ ನಿಲ್ಲಿಸಿ, ಕುರ್ಚಿ ಎಳೆದು ಹಾಕಿದೆ. “ಕೂತ್ಕೊಂಡು ಹೇಳಿ. ಮದುವೆ ಆದ ಮಾರನೇ ದಿನದಿಂದ ಶುರು ಮಾಡಿ.”

ನನ್ನ ಮುಖ ನೋಡಿದರು, ಕೈ ಒರೆಸಿಕೊಂಡರು, ಕೂತರು. ಮೊದಲು ತಡವರಿಸಿದರು, ಆಮೇಲೆ ಓಘ ಹತ್ತಿತು. ಉಪ್ಪಿನಿಂದ ಶುರುವಾಗಿ ಎಣ್ಣೆ, ಉರಿ, ಒಗ್ಗರಣೆ ಎಲ್ಲ ದಾಟಿ ಬಿಸಿಲು ಗೋಡೆಯಿಂದ ಇಳಿದು ಹೋಗುವವರೆಗೂ ಹೇಳಿದರು. ನಾನು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡೆ.

ಒಂದೇ ಒಂದು ಸಲ ಮಾತು ನಿಲ್ಲಿಸಿ ಕಣ್ಣು ಮುಚ್ಚಿದರು. ಹನ್ನೊಂದು ವರ್ಷದ ಹಿಂದೆ, ಒಂದು ಮಂಗಳವಾರ, ನಾನು ಹೊಲಿಗೆ ಅಂಗಡಿಯಿಂದ ತಡವಾಗಿ ಬಂದು ಅವಸರದಲ್ಲಿ ಹುರಿದುಹಾಕಿದ ಆಲೂಗಡ್ಡೆಯಂತೆ. ಅಂಥದ್ದನ್ನು ಅದಕ್ಕೆ ಮುಂಚೆಯೂ ತಿಂದಿಲ್ಲ, ಆಮೇಲೂ ತಿಂದಿಲ್ಲ ಅಂದರು. ಅವತ್ತು ಅದಕ್ಕೆ ಏನು ಹಾಕಿದ್ದೆ ಎಂದು ನನಗೆ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.