ಗಟ್ಟಿ ಆನೆ

ಕಾವಲಿನ ಮೇಡಂ ಆನೆಯನ್ನು ಈ ಕೈಯಿಂದ ಆ ಕೈಗೆ ಹಾಕಿ ತೂಗಿ ನೋಡಿದರು. ಹೆಬ್ಬೆರಳಿನಿಂದ ಅದರ ಹೊಟ್ಟೆ ಒತ್ತಿದರು. ತಗ್ಗಲಿಲ್ಲ. ಮೇಜಿನ ಮೇಲೆ ಕುಟ್ಟಿದರೆ ಕಲ್ಲಿನ ಹಾಗೆ ಧಡ್ ಎಂದಿತು.

“ಒಳಗೇನಿಟ್ಟಿದ್ದೀಯಮ್ಮ?”

“ಏನೂ ಇಲ್ಲ ಮೇಡಂ. ಪೂರ್ತಿ ಅಲ್ಯೂಮಿನಿಯಂ ಫಾಯಿಲ್ಲೇ” ಎಂದಳು ಆನೆ ಮಾಡಿದ ಕೈದಿ.

“ಬರೀ ಫಾಯಿಲ್ ಇಷ್ಟು ಭಾರ ಇರುತ್ತಾ? ನನ್ನ ಕಿವಿ ಮೇಲೆ ಹೂವಿಡಬೇಡ.”

ಜೈಲಿನ ಭೇಟಿ ಕೋಣೆಯಲ್ಲಿ ಮೇಜಿನ ಆಚೆಗೆ ಅವಳ ಅಕ್ಕ ಕೂತಿದ್ದಳು. ಅಕ್ಕನ ಬೆನ್ನಿಗೆ ಅಂಟಿಕೊಂಡು ಕೈದಿಯ ಆರು ವರ್ಷದ ಮಗಳು. ತಾಯಿಯ ಕಡೆ ಇನ್ನೂ ತಿರುಗಿ ನೋಡಿರಲಿಲ್ಲ.

ಹೋದ ಸಲ ಮಗಳಿಗೆ ಫಾಯಿಲಿನ ಕುದುರೆ ಮಾಡಿ ಕೊಟ್ಟಿದ್ದಳು. ಹೊರಗೆ ಹೋಗುವ ವಸ್ತುವನ್ನೆಲ್ಲ ಹಿಸುಕಿ ನೋಡಬೇಕೆಂಬುದು ಅಲ್ಲಿಯ ನಿಯಮ. ಟೊಳ್ಳು ಕುದುರೆ ಮಗುವಿನ ಕಣ್ಣೆದುರೇ ಚಪ್ಪಟೆಯಾಯಿತು. ಮಗು ಅಳಲಿಲ್ಲ, ಅತ್ತಿದ್ದರೆ ವಾಸಿಯಿತ್ತು. “ಅಮ್ಮಂದು ಎಲ್ಲಾ ಸುಳ್ಳು” ಎಂದು ದೊಡ್ಡಮ್ಮನಿಗೆ ಹೇಳಿ ಬಾಗಿಲ ಕಡೆ ನಡೆದುಬಿಟ್ಟಿತು. ಸಂಜೆಗೆ ಬರ್ತೀನಿ ಎಂದು ಮನೆ ಬಿಟ್ಟ ತಾಯಿ ವರ್ಷವಾದರೂ ಬಾರದಿದ್ದರೆ ಮಗು ಇನ್ನೇನು ತಾನೇ ಹೇಳೀತು?

ಅದಕ್ಕೇ ಈ ಸಲ ಅವಳಿಗೆ ಹಟ. ಜೈಲಿನ ಅಡುಗೆಮನೆಗೆ ಬ್ರೆಡ್ಡಿನ ಮೇಲೆ ಮುಚ್ಚಿ ಬರುತ್ತಿದ್ದ ಫಾಯಿಲನ್ನು ಕೇಳಿ ಪಡೆದು, ತೊಳೆದು, ಉಂಡೆ ಕಟ್ಟಿ ಸೌಟಿನ ಬೆನ್ನಿನಿಂದ ಬಡಿದಳು. ಬಡಿದದ್ದರ ಮೇಲೆ ಇನ್ನೊಂದು ಹಾಳೆ, ಮತ್ತೆ ಬಡಿತ. ಕಾಲುಗಳನ್ನು ಹಗ್ಗದಂತೆ ಹೊಸೆದು ಸೇರಿಸಿದಳು. ಯಾರು ಹಿಸುಕಿದರೂ ಜಗ್ಗಬಾರದು. ಜಗ್ಗಲಿಲ್ಲ, ಸರಿ, ಅತಿಯಾದರೆ ಅಮೃತವೂ ವಿಷ ಎನ್ನುವುದು ಮಾತ್ರ ಹೊಳೆದಿರಲಿಲ್ಲ.

“ಕೊಯ್ದು ನೋಡ್ಬೇಕು. ಇಲ್ಲಾಂದ್ರೆ ಇದು ಹೊರಗೆ ಹೋಗಲ್ಲ” ಎಂದು ಮೇಡಂ ಗರಗಸ ತರಿಸಿದರು.

ಅವಳು ಅಕ್ಕನ ಕಡೆ ತಿರುಗಿದಳು. “ಅಕ್ಕಾ, ಪುಟ್ಟೀನ ಆಚೆ ಕರ್ಕೊಂಡ್ಹೋಗೇ.”

“ಮುರಿಯಲ್ಲ ಅಂತ ಆಣೆ ಮಾಡಿ ಕರ್ಕೊಂಡ್ ಬಂದಿದ್ದೀನಿ ಕಣೇ. ಇದೂ ಹಾಳಾದ್ರೆ ಇನ್ಮೇಲೆ ಇಲ್ಲಿಗೆ ಬರೋದೇ ಇಲ್ವಂತೆ.”

“ನಾನು ಆಚೆ ಹೋಗಲ್ಲ. ನೋಡ್ತೀನಿ” ಎಂದಿತು ಮಗು.

ಗರಗಸ ಕಿರ್ರೆಂದಿತು. ನಡುವೆ ಎರಡು ಸಲ ಸಿಕ್ಕಿಕೊಂಡಿತು. ಮಿನುಗುವ ಪುಡಿ ಮೇಜಿನ ಮೇಲೆ ಉದುರಿತು. ಕೊನೆಗೆ ಆನೆ ಸೊಂಡಿಲೊಂದು ಕಡೆ, ಬಾಲವೊಂದು ಕಡೆಯಾಗಿ ಬಿತ್ತು. ಒಳಗೂ ಅದೇ ಫಾಯಿಲ್ಲು, ಗೆಡ್ಡೆ ಕೊಯ್ದಂತೆ ಒತ್ತೊತ್ತಾಗಿ. ಮೇಡಂ ಸೂಜಿ ಚುಚ್ಚಿ ನೋಡಿದರು. ಸೂಜಿಯೇ ಬಾಗಿತು.

“ಏನಿಲ್ಲ” ಎಂದು ಮುಖ ಸಣ್ಣದು ಮಾಡಿಕೊಂಡರು. “ತಗೊಂಡ್ಹೋಗಿ.”

ಅವಳು ತಲೆ ಎತ್ತಲಿಲ್ಲ. “ತುಂಡಾಗೋಯ್ತು ಪುಟ್ಟಿ” ಎಂದಳು.

ಮಗು ಮೇಜನ್ನು ಬಳಸಿ ಬಂತು. ಮೇಡಂ ತಡೆಯಲಿಲ್ಲ. ಬಾಲದ ಕಡೆಯ ತುಂಡನ್ನು ಎತ್ತಿಕೊಂಡು, ಮುಖ ಕೆಂಪಾಗುವ ತನಕ ಎರಡೂ ಕೈಯಿಂದ ಹಿಸುಕಿತು. ಕಚ್ಚಿಯೂ ನೋಡಿತು. ಆಮೇಲೆ ಅದನ್ನು ತಾಯಿಯ ಕುರ್ಚಿಯ ಪಕ್ಕ ಕೊಯ್ದ ಮುಖ ಕೆಳಗಾಗಿ ನೆಲಕ್ಕೆ ಬೋರಲು ಹಾಕಿ, ಆನೆಯ ಅಂಡಿನ ಮೇಲೆ ಒಂದು ಕಾಲಿಟ್ಟು ಹತ್ತಿಯೇಬಿಟ್ಟಿತು. ಇನ್ನೊಂದು ಕಾಲು ಮೇಲೆದ್ದಾಗ ಮೈ ವಾಲಿತು. ಮಗು ಗಬಕ್ಕನೆ ತಾಯಿಯ ಹೆಗಲು ಹಿಡಿದುಕೊಂಡಿತು.

“ಅಲ್ಲಾಡ್ಬೇಡ, ಬಿದ್ದೋಗ್ತೀನಿ” ಎಂದಿತು.

ಅವಳು ಉಸಿರು ಬಿಗಿಹಿಡಿದು ಕೂತಳು.