ಪಟ ಮುಟ್ಟಿ ಗಣಿಗಿಳಿದವರು

ಹೊತ್ತಲ್ಲದ ಹೊತ್ತಿನಲ್ಲಿ ಗಣಿಯ ಸೈರನ್ ಕೂಗಿದರೆ ಸಾಲುಮನೆಗಳ ಹೆಂಗಸರು ಒಲೆಯ ಮೇಲಿನ ಅನ್ನವನ್ನು ಹಾಗೇ ಬಿಟ್ಟು ಓಡುತ್ತಾರೆ. ಬಂಗಾಳದ ರಾಣಿಗಂಜ್ ಕಡೆಯ ಆ ಕಲ್ಲಿದ್ದಲು ಗಣಿಯಲ್ಲಿ ಮೇನಕಾ ಕೂಡ ಹಾಗೇ ಓಡಿದ್ದಳು. ಒಳಗೆ ಛಾವಣಿ ಕುಸಿದಿತ್ತು. ಮೇಲೆ ಬಂದದ್ದು ಅವಳ ತಮ್ಮ ನಿತಾಯಿಯ ಹೆಣ.

ತಿಥಿ ಮುಗಿದ ಮರುದಿನವೇ ಗಣಿ ಮತ್ತೆ ತೆರೆಯಿತು. ಗಂಡ ಪರೇಶ ಬೂಟು ಹಾಕಿಕೊಳ್ಳುತ್ತಿದ್ದ. ಮೇನಕಾ ಬಾಗಿಲಿಗೆ ಅಡ್ಡ ನಿಂತಳು.

"ಛಾವಣಿ ಬಡಿದು ನೋಡಿದಾರಾ?"

"ಎಲ್ಲಾ ಸರಿಯಿದೆ ಅಂದ ಮೇಸ್ತ್ರಿ. ನಮ್ಮ ಗೋಷ್ಠ ದಾದಾನೇ ಎಂಎಲ್‌ಎ ಆಗಿರೋವಾಗ ನಿಂಗ್ಯಾಕೆ ಹೆದರಿಕೆ?"

"ನಿತಾಯಿನೂ ಹಿಂಗೇ ಅಂತಿದ್ದ."

ಎಲ್ಲರೂ ದಾದಾ, ಅಂದರೆ ಅಣ್ಣ, ಎಂದು ಕರೆಯುವ ಗೋಷ್ಠ ಬಾವುರಿ ಅದೇ ಗಣಿಯಲ್ಲಿ ಕಲ್ಲಿದ್ದಲು ಅಗೆದವನು. ಕಬ್ಬಿಣದ ಸಲಾಕೆಯಿಂದ ಛಾವಣಿ ಬಡಿದು ಕಿವಿಗೊಡುತ್ತಿದ್ದ. ಠಣ್ ಎಂದರೆ ಗಟ್ಟಿ, ಪೊಳ್ಳು ಸದ್ದು ಬಂದರೆ ಓಡಬೇಕು. ಪ್ರತಿ ಪಾಳಿಗೂ ಮುಂಚೆ ಕೂಲಿಯವರಲ್ಲೇ ಒಬ್ಬ ಬಡಿದು ನೋಡಬೇಕೆಂದು ಮುಷ್ಕರ ಹೂಡಿದ, ಲಾಠಿ ತಿಂದ, ಜೈಲು ಕಂಡ. ಕೊನೆಗೆ ಗೆದ್ದ. ಅದೇ ಜನ ಓಟು ಹಾಕಿ ಅವನನ್ನು ಕೋಲ್ಕತ್ತಾದ ವಿಧಾನಸಭೆಗೆ ಕಳಿಸಿದರು, ಗಣಿಯ ಬಾಯಲ್ಲಿ ಕಾಳಿಯ ಪಟದ ಪಕ್ಕಕ್ಕೇ ಅವನ ಪಟ ತೂಗುಹಾಕಿದರು.

ಮೊದಮೊದಲು ಪ್ರೀತಿಯಿಂದ ಪಟ ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿಯುತ್ತಿದ್ದರು. ಆಮೇಲೆ ಅದೇ ರೂಢಿಯಾಯಿತು. ಪಟ ಮುಟ್ಟಿದರೆ ಸಾಕು, ಇನ್ನೇನೂ ಆಗುವುದಿಲ್ಲ ಎಂಬ ಹುಚ್ಚು ಧೈರ್ಯ. ಗೋಷ್ಠ ಹೋದ ಮೇಲೆ ಸಲಾಕೆ ಹಿಡಿಯುತ್ತಿದ್ದ ಹರಿಪದ ಕಾಕಾ ನಿವೃತ್ತನಾದ. ಅವನ ಜಾಗಕ್ಕೆ ಇನ್ನೊಬ್ಬನನ್ನು ಕೊಡಿ ಎಂದು ಒಬ್ಬನೂ ಕೇಳಲಿಲ್ಲ. ಸಲಾಕೆ ಮೂಲೆ ಸೇರಿತು.

ಪಕ್ಕದ ಮನೆಯ ಜಗುಲಿಯಲ್ಲಿದ್ದ ಹರಿಪದ ಇವರ ಮಾತು ಕೇಳಿ ಎದ್ದು ಬಂದ.

"ಆ ಪಟಕ್ಕೇನು ಕಿವಿ ಇದೆಯೇನೋ ಪರೇಶ? ಪೊಳ್ಳು ಕಲ್ಲು ಎಂಎಲ್‌ಎ ಯಾರು ಅಂತ ಕೇಳಿ ಬೀಳಲ್ಲ."

ಪರೇಶ ಮುಖ ಸಿಂಡರಿಸಿದ. ಅಷ್ಟರಲ್ಲಿ ಕಾರು ಬಂತು. ಸಾವಿನ ಮನೆಯವರನ್ನು ಕಾಣಲು ಬಂದಿದ್ದ ಗೋಷ್ಠ ಇಳಿದು ಬಂದು ನೆಲದ ಮೇಲೇ ಕೂತ. ಮೇನಕಾ ಚಹಾ ಇಡಲಿಲ್ಲ.

"ನನ್ನ ತಮ್ಮ ನಿನ್ನ ಪಟ ಮುಟ್ಟಿ ಇಳಿದ, ದಾದಾ," ಎಂದಳು.

ಗೋಷ್ಠ ತಲೆ ತಗ್ಗಿಸಿದ. "ನೀವು ದಿನಾ ಬಡಿದು ನೋಡ್ತಿದೀರಿ ಅಂದ್ಕೊಂಡಿದ್ದೆ."

"ನೀನು ನೋಡ್ಕೋತೀಯ ಅಂತ ನಾವು ಅಂದ್ಕೊಂಡಿದ್ವಿ," ಎಂದ ಪರೇಶ. ಗೋಷ್ಠ ಎದ್ದು, "ಬನ್ನಿ ಗಣಿಗೆ," ಎಂದ.

ನಾಲ್ವರೂ ಗಣಿಗೆ ಹೋದರು. ಗೋಷ್ಠ ತನ್ನ ಪಟವನ್ನು ತಾನೇ ಕಿತ್ತು ಕೆಳಗಿಟ್ಟ. ಮೂಲೆಯಲ್ಲಿದ್ದ ಸಲಾಕೆಯನ್ನು ತಂದು ಪರೇಶನ ಕೈಗೆ ಕೊಟ್ಟ.

"ಕಾಕಾ ಹತ್ರ ಕಲಿ. ನಾನು ಇವತ್ತು ಇರ್ತೀನಿ, ನಾಳೆ ಇರಲ್ಲ. ಇದು ನಿಮ್ಮ ಕೈಲೇ ಇರಬೇಕು."

ಗೋಷ್ಠ, ಹರಿಪದ, ಪರೇಶ ಮೂವರೂ ಇಳಿದರು. ಮೇನಕಾ ಮೇಲೆ ಕಾದು ನಿಂತಳು. ಅವರು ಹೊರಬಂದಾಗ ಪರೇಶ ಸಲಾಕೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

"ಇವತ್ತು ನಾನು ಅಗೀಬೇಕಿದ್ದ ಜಾಗ," ಎಂದ. "ಪೂರ್ತಿ ಪೊಳ್ಳು."

ಆ ದಿನ ಯಾರೂ ಕೆಲಸಕ್ಕೆ ಇಳಿಯಲಿಲ್ಲ. ಮೇಸ್ತ್ರಿ ಬೈದ, ಕೂಲಿ ಕತ್ತರಿಸುತ್ತೇನೆ ಎಂದ. ಒಬ್ಬನೂ ಕದಲಲಿಲ್ಲ. ಮನೆಗೆ ಬಂದು ಮೇನಕಾ ಅನ್ನ ಬಡಿಸಿದಳು. ಕೈ ಅಭ್ಯಾಸದಂತೆ ನಿತಾಯಿಯ ತಟ್ಟೆಯನ್ನೂ ಇಟ್ಟಿತ್ತು. ಅದನ್ನು ತೆಗೆದಿಡುವಾಗ ಅವಳಿಗೆ ಅಳು ತಡೆಯಲಾಗಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಓಟು ಹಾಕಿ. ನಿಮ್ಮವರನ್ನೇ ಗೆಲ್ಲಿಸಿ. ಆದರೆ ನಿಮ್ಮ ಕಣ್ಣು ಕಿವಿಗಳನ್ನು ಅವರ ಜೊತೆ ಕಳಿಸಿಬಿಡಬೇಡಿ. ಗಣಿಯಿರಲಿ, ಕಾರ್ಖಾನೆಯಿರಲಿ, ಕಟ್ಟುತ್ತಿರುವ ಮನೆಯಿರಲಿ, ನಾಳೆ ಕೆಲಸಕ್ಕೆ ಕೈ ಹಾಕುವ ಮುಂಚೆ ಒಂದು ಮಾತು ಕೇಳಿ: ಇವತ್ತು ಇದನ್ನು ಪರೀಕ್ಷೆ ಮಾಡಿದವರು ಯಾರು? ಉತ್ತರ ಬರದಿದ್ದರೆ ಎಲ್ಲರೂ ಒಟ್ಟಿಗೆ ಹೊರಗೇ ನಿಲ್ಲಿ. ನಿಮ್ಮ ಮನೆಯಲ್ಲೂ ಯಾರೋ ನಿಮಗೆಂದು ತಟ್ಟೆ ಇಟ್ಟು ಕಾಯುತ್ತಿರುತ್ತಾರೆ.