ಕೆಂಪು ದೀಪ ಹೊತ್ತಿರುವಷ್ಟು ಹೊತ್ತು

ಕೆಂಪು ದೀಪ ಹೊತ್ತಿತು, ಅಂದರೆ ಇನ್ನು ಮನೆಯಲ್ಲಿ ಯಾರೂ ಕೆಮ್ಮಕೂಡದು, ಹಿತ್ತಲ ಕಾರಖಾನೆಯಲ್ಲಿ ಮಗ್ಗಗಳನ್ನೂ ನಿಲ್ಲಿಸಿದ್ದಾರೆ, ಅತ್ತೆ ಬಳೆ ಸದ್ದಾದೀತೆಂದು ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಕೂತಿದ್ದಾರೆ, ನನಗೆ ರೊಟ್ಟಿ ಬಡಿಯಬೇಡ ಅಂತ ಅಪ್ಪಣೆ, ಜೋಳದ ಹಿಟ್ಟು ಬೆರಳ ಸಂದಿಯಲ್ಲಿ ಒಣಗಿ ಚರ್ಮ ಎಳೆಯುತ್ತಿದೆ, ಅಡುಗೆಮನೆಯ ಪರದೆಯ ಸೀಳಿನಲ್ಲಿ ಪಡಸಾಲೆ ಕಾಣುತ್ತದೆ, ಪಡಸಾಲೆಯ ನಡುವೆ ಟೇಪ್ ರೆಕಾರ್ಡರ್, ದೀಪ ಅದರದೇ, ಗೋಡೆಗೊರಗಿ ಮಾವ, ಯಂತ್ರದ ಮುಂದೆ ನನ್ನ ಗಂಡ, ಇವರು, ಮೈಕನ್ನು ಹಸುಗೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ನನ್ನ ದನಿ ಅಳಿಸುತ್ತಿದ್ದಾರೆ. ಟೇಪಿನಲ್ಲಿ ಪಾಠ ಹೇಳುವವಳು, ನನ್ನ ಪಾಲಿಗೆ ಟೇಪಿನ ಅಕ್ಕ, ಜರ್ಮನ್‌ನಲ್ಲಿ ಒಂದು ಪ್ರಶ್ನೆ ಕೇಳುತ್ತಾಳೆ, ಕೇಳಿ ಸುಮ್ಮನಾಗುತ್ತಾಳೆ, ಕಲಿಯುವವರು ಉತ್ತರ ಹೇಳಲಿ ಅಂತ ಬಿಟ್ಟ ಜಾಗ ಅದು, ಅಲ್ಲಿ ಕೆಂಪು ಗುಂಡಿ ಒತ್ತಿ ಮಾತಾಡಿದರೆ ನಮ್ಮ ದನಿ ಅದರೊಳಗೆ ಕೂರುತ್ತದೆ, ನನ್ನದು ಕೂತಿತ್ತು, ಈಗ ಅದೇ ಗುಂಡಿ ಒತ್ತಿ ಇವರು ಅದರ ಮೇಲೆ ಮೌನ ತುಂಬುತ್ತಿದ್ದಾರೆ — ಥೂ, ಮೌನ ತುಂಬಲಿಕ್ಕೆ ಇಡೀ ಮನೆಯ ಬಾಯಿ ಕಟ್ಟಬೇಕೆ, ಮೈಕಿನ ವೈರು ಕಿತ್ತಿಟ್ಟರೆ ಸಾಕು, ಮಗ್ಗ ನಡೆದರೂ ಡೊಳ್ಳು ಬಾರಿಸಿದರೂ ಒಂದು ಸದ್ದೂ ಒಳಗೆ ಹೋಗದು, ಇವರಿಗೆ ಗೊತ್ತಿಲ್ಲ, ನನಗೆ ಗೊತ್ತು, ಹೇಳುವುದಿಲ್ಲ, ಸಾಯಲಿ. ದೀಪ ಆರಿತು. ಒಂದು ಉತ್ತರ ಹೋಯಿತು. ಯಾವುದು, ನನ್ನ ಊರು ಅಕ್ಕಲಕೋಟೆ ಅಂದಿದ್ದೆನಲ್ಲ, ಅದು ಹೋಯಿತು.

ಯಂತ್ರ ಬಂದದ್ದು ಹೋದ ವರ್ಷ, ಎಪ್ಪತ್ನಾಲ್ಕರ ದಸರೆಗೆ, ಮಾವ ಮುಂಬೈಯಿಂದ ತರಿಸಿದ್ದು, ಹ್ಯಾಂಬರ್ಗ್‌ನ ಗಿರಾಕಿ ನಮ್ಮ ಚಾದರ ಕೊಳ್ಳುತ್ತಾನೆ, ಅವನ ಮಾತಿನಲ್ಲೇ ನಾಲ್ಕು ಮಾತಾಡಿದರೆ ಮತ್ತಷ್ಟು ಕೊಳ್ಳುತ್ತಾನೆ ಅಂತ ಮಾವನ ಲೆಕ್ಕ, ಮಗ ಕಲೀತಾನ ತೊಗೋರಿ ಅಂತ ಪೇಟೆ ತುಂಬ ಹೇಳಿಕೊಂಡು ಬಂದರು, ಮಗ ಕಲಿತದ್ದು ಎಂಟು ದಿನ, ಒಂಬತ್ತನೇ ದಿನ ಟೇಪಿನ ಅಕ್ಕ ಪ್ರಶ್ನೆ ಕೇಳುತ್ತಿದ್ದರೆ ಇವರು ಲೋಡಿಗೆ ಒರಗಿ ಗೊರಕೆ ಹೊಡೆಯುತ್ತಿದ್ದರು, ಅವಳು ಕೇಳುವುದು, ಕಾಯುವುದು, ಮತ್ತೆ ಕೇಳುವುದು, ಉತ್ತರ ಕೊಡುವವರಿಲ್ಲ, ನಾನು ಈ ಪರದೆಯ ಹಿಂದೆ ಒಗ್ಗರಣೆ ಹಾಕುತ್ತ ತುಟಿಯಲ್ಲೇ ಉತ್ತರ ಹೇಳಿದೆ, ಪಾಪ ಅನ್ನಿಸಿತು ಅವಳನ್ನು ನೋಡಿ, ಇಲ್ಲ, ಪಾಪ ಅನ್ನಿಸಿದ್ದು ನನ್ನನ್ನೇ ನೋಡಿ. ಮಧ್ಯಾಹ್ನ ಗಂಡಸರು ಅಂಗಡಿಗೆ ಹೋದ ಮೇಲೆ, ಅತ್ತೆ ಮಲಗಿದ ಮೇಲೆ, ನಾನೇ ಹಾಕಿಕೊಂಡು ಕೂತೆ, ಮೊದಲ ದಿನ ಗುಂಡಿಯನ್ನು ಬೇಗ ಒತ್ತಿ ಟೇಪಿನ ಅಕ್ಕನ ಅರ್ಧ ನಮಸ್ಕಾರವನ್ನೇ ನುಂಗಿಬಿಟ್ಟೆ, ಆಮೇಲೆ ಕೈ ಪಳಗಿತು. ಮದುವೆಯಾಗಿ ಒಂಬತ್ತು ವರ್ಷ, ಈ ಮನೆಯಲ್ಲಿ ನನ್ನನ್ನು ಏನಾದರೂ ಕೇಳಿ ಉತ್ತರಕ್ಕೆ ಕಾದವಳು ಅವಳೊಬ್ಬಳೇ, ಬಾಕಿಯವರೆಲ್ಲ ಉಪ್ಪು ಹಾಕೀಯೇನು ಅಂತ ಕೇಳುವಾಗಲೇ ಉಪ್ಪಿನ ಡಬ್ಬಿಗೆ ಕೈ ಹಾಕಿರುತ್ತಾರೆ.

ನಿನ್ನೆ ಸಿದ್ದರಾಮಪ್ಪನವರು ಬಂದದ್ದೇ ತಪ್ಪಾಯಿತು, ಪಕ್ಕದ ಅಂಗಡಿಯವರು, ತಮ್ಮ ಮಗನೂ ಕಲಿಯಲಿ, ನಾಲ್ಕು ದಿನ ಯಂತ್ರ ಕೊಡಿ ಅಂದರು, ಮಾವ ಉಬ್ಬಿಹೋಗಿ ಕೇಳ್ರಿ ಹ್ಯಾಂಗ ಮಾತಾಡ್ತದ ಅಂತ ತಾವೇ ಹಚ್ಚಿದರು, ಟೇಪಿನ ಅಕ್ಕ ಕೇಳಿದಳು, ವೀ ಹೈಸ್ಟ್ ಈರ್ ಮಾನ್, ನಿಮ್ಮ ಗಂಡನ ಹೆಸರೇನು — ಉತ್ತರ ನನ್ನ ದನಿಯಲ್ಲಿ ಬಂತು, ಮೈನ್ ಮಾನ್ ಹೈಸ್ಟ್ ರಾಚಪ್ಪ. ಪಡಸಾಲೆಯಲ್ಲಿ ಯಾರಿಗೂ ಜರ್ಮನ್ ಬಾರದು, ಎಲ್ಲರಿಗೂ ತಿಳಿದದ್ದು ಒಂದೇ ಶಬ್ದ. ಸಿದ್ದರಾಮಪ್ಪನವರು ತೊಡೆ ತಟ್ಟಿಕೊಂಡು ನಕ್ಕರು, ಅಲ್ಲೋ ರಾಚಪ್ಪಾ, ನಿನ್ನ ಹೇಣ್ತಿ ನಿನ್ನ ಹೆಸರ ಹಿಡದ ಕರದಾಳಲ್ಲೋ. ಮಾವ ಯಂತ್ರ ಬಂದ್ ಮಾಡಿದ ಸದ್ದು ಇನ್ನೂ ಕಿವಿಯಲ್ಲಿದೆ. ಅತ್ತೆ ಅಡುಗೆಮನೆಗೆ ಬಂದು, ನಲವತ್ತ ವರ್ಸ ಬಾಳೇ ಮಾಡೀನಿ, ಒಮ್ಮಿನೂ ಅವರ ಹೆಸರು ನನ್ನ ನಾಲಿಗಿ ಮ್ಯಾಲ ಬಂದಿಲ್ಲ, ನೀ ಮಂದಿ ಮುಂದ ಮಶಿನ್‌ನ್ಯಾಗ ಒದರೀದಿ ಅಂದರು. ನನ್ನ ಮದುವೆಯಲ್ಲಿ ನನ್ನನ್ನು ಚಿವುಟಿ ಚಿವುಟಿ ಒಡಪು ಕಟ್ಟಿ ಗಂಡನ ಹೆಸರು ಹೇಳವ್ವಾ ಅಂತ ಹೇಳಿಸಿದವರು ಇವರೇ, ಆವತ್ತು ಚೇಷ್ಟೆ, ಇವತ್ತು ಪಾಪ. ನನ್ನ ಅವ್ವ ನೀಲಾಬಾಯಿ ಅಕ್ಕಲಕೋಟೆಯ ರೇಷನ್ ಅಂಗಡಿಯಲ್ಲಿ ನಿಂತದ್ದು ನೆನಪಾಗುತ್ತದೆ, ನಾನು ಎಂಟು ವರ್ಷದವಳು, ಯಜಮಾನರ ಹೆಸರೇನು ಅಂತ ಕಾರಕೂನ, ಅವ್ವ ಬಾಯಿ ಬಿಡಳು, ಹಿಂದೆ ನಿಂತ ಹೆಂಗಸರು ಕಿಸಕ್ಕನೆ ನಗುತ್ತಾರೆ, ನಾವ್ ಸಾಂಗಾ ಬಾಯಿ, ಹೆಸರು ಹೇಳಮ್ಮಾ ಅಂತ ಅವನು ಮರಾಠಿಯಲ್ಲಿ ಗದರಿ ಪೆನ್ನು ಕುಟ್ಟುತ್ತಾನೆ, ಕೊನೆಗೆ ನಾನೇ ಕೂಗಿದೆ, ಶಿವಶರಣಪ್ಪ, ನನ್ನ ಅಪ್ಪನ ಹೆಸರು ಶಿವಶರಣಪ್ಪ, ಸಕ್ಕರೆ ಸಿಕ್ಕಿತು, ಅವ್ವ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ.

ಕೆಂಪು ದೀಪ ಮತ್ತೆ ಹೊತ್ತಿತು. ಗಂಡನ ಹೆಸರು ಹೋಗುತ್ತಿದೆ. ಹೋಗಲಿ, ಅದು ಹೋದರೆ ನನಗೆ ಹೊಟ್ಟೆಯುರಿ ಇಲ್ಲ, ನಿನ್ನೆ ಸಂಜೆ ಚಹ ಕೊಡುವಾಗಲೇ ಹೇಳಿದೆ, ಹೆಸರೊಂದು ಅಳಿಸ್ರಿ, ಉಳಿದದ್ದು ಇರಲಿ, ಇವರು ಬಟ್ಟಲಿನಿಂದ ಕಣ್ಣೆತ್ತಲಿಲ್ಲ, ಒಂದೂ ಬ್ಯಾಡ, ನಾಳಿ ಮಂದಿ ಮನಿಗೆ ಹೋಗೋ ಟೇಪು ಅದು, ಅಪ್ಪಾಜಿ ಹೇಳ್ಯಾರ. ಅದರಾಗ ನಾ ಏನ ಅಂದೀನಿ ಗೊತ್ತದ ಏನ್ರಿ ಅಂದೆ. ಏನರ ಅಂದಿರ್ತಿ ತಗೋ ಅಂದರು. ಏನಾದರೂ! ಅಳಿಸುವವನಿಗೆ ಏನು ಅಳಿಸುತ್ತಿದ್ದೇನೆ ಅಂತ ತಿಳಿಯುವ ಕುತೂಹಲವೂ ಬೇಡವೇ, ತನ್ನದೇ ಮಾತು ಅದರಲ್ಲಿ ಇದ್ದಿದ್ದರೆ ಇಡೀ ಪೇಟೆಗೆ ಕೇಳಿಸುತ್ತಿದ್ದ — ನೋಡು, ಸಿಟ್ಟಿನಲ್ಲಿ ಏಕವಚನ ಬಂತು, ಬರಲಿ, ಒಳಗೆ ಯಾರು ಕೇಳುತ್ತಾರೆ. ಚೌಕಳಿ ಕಾಗದ, ಮೊನೆ ಮಾಡಿದ ಪೆನ್ಸಿಲ್ಲು, ಒಂದೊಂದು ಮನೆ ತುಂಬುತ್ತ ಚಾದರಕ್ಕೆಂದು ನಾನು ಬಿಡಿಸಿದ ಗಿಣಿ, ಗಿಣಿಯ ಬಾಯಲ್ಲಿ ದಾಳಿಂಬೆ, ಅದೇ ಮಗ್ಗಕ್ಕೆ ಏರಿತು, ಅದೇ ಹ್ಯಾಂಬರ್ಗ್‌ಗೆ ಹೋಯಿತು, ಅಲ್ಲಿಂದ ಇಂಗ್ಲಿಷಿನಲ್ಲಿ ಕಾಗದ ಬಂತು, ಈ ನಕ್ಷೆ ಬರೆದವರನ್ನು ತಾನು ಇಲ್ಲಿಗೆ ಬಂದಾಗ ಕಾಣಬೇಕು ಅಂತ, ಇವರೇ ಓದಿ ಹೇಳಿದರು, ಹೇಳಿ ಅಂಗಿಯ ಕಾಲರ್ ಸರಿಮಾಡಿಕೊಂಡರು, ಮಾವ ಉತ್ತರ ಬರೆಸಿದರು, ನಕ್ಷೆ ನಮ್ಮ ಮಗನದು. ನಾನು ಆಗ ಇಲ್ಲೇ ಇದ್ದೆ, ಇದೇ ಹಂಚಿನ ಮುಂದೆ, ಬಾಯಿ ಇತ್ತು, ಬಿಡಲಿಲ್ಲ, ಯಾಕೆ ಬಿಡಲಿಲ್ಲ, ಆ ಸಿಟ್ಟು ಇವರ ಮೇಲಲ್ಲ, ನನ್ನ ಮೇಲೆ. ಮರುದಿನ ಮಧ್ಯಾಹ್ನ ಏಳನೇ ಪಾಠದಲ್ಲಿ ಟೇಪಿನ ಅಕ್ಕ ಕೇಳಿದಳು, ವಾಸ್ ಮಾಖನ್ ಝೀ, ನೀವು ಏನು ಮಾಡುತ್ತೀರಿ. ಟೇಪಿನ ಜೊತೆ ಬಂದ ಪುಸ್ತಕದಲ್ಲಿ ಇದ್ದ ಉತ್ತರ ನಾನು ಮಾಸ್ತರ, ನಾನು ವೈದ್ಯ, ನಾನು ಕೊನೆಯ ಪುಟಗಳಲ್ಲಿ ಹುಡುಕಿ ನನ್ನ ಶಬ್ದ ತೆಗೆದೆ, ಇಶ್ ತ್ಸೈಶ್ನ, ನಾನು ನಕ್ಷೆ ಬರೆಯುತ್ತೇನೆ, ಕೆಂಪು ದೀಪದ ಮುಂದೆ ಹೇಳಿದೆ, ತಿರುಗಿಸಿ ಕೇಳಿದೆ, ಹನ್ನೊಂದು ಸಲ ಕೇಳಿದೆ, ಭೂಮಿಯ ಮೇಲೆ ಆ ಮಾತು ಇರುವ ಜಾಗ ಅದೊಂದೇ.

ದೀಪ ಆರಿತು, ಗಾಲಿ ತಿರುಗುತ್ತಿದೆ, ಐದನೇ ಪಾಠ ಮುಗಿಯಿತು, ಆರನೆಯದರಲ್ಲಿ ಎರಡು ಉತ್ತರ, ನನಗೆ ಇಷ್ಟದ ಬಣ್ಣ ಹಸಿರು, ಹೋಯಿತು, ನನಗೆ ಚಳಿ ಸೇರದು, ಹೋಯಿತು, ಇವರು ಆಕಳಿಸಿದರು, ನನ್ನನ್ನು ಒರೆಸುತ್ತ ಆಕಳಿಸುತ್ತಾರೆ, ನೆಲ ಒರೆಸುವ ತುಳಜಾಬಾಯಿ ಕೂಡ ಕೆಲಸದ ನಡುವೆ ಆಕಳಿಸುವುದಿಲ್ಲ, ದೀಪ ಆರಿದ ನಡುವೆ ಬಡಿದು ಹಾಕಿದ ರೊಟ್ಟಿ ಹಂಚಿನ ಮೇಲೆ ಕರಕಾಗುತ್ತಿದೆ, ಆಗಲಿ, ನಾಲ್ಕು ಹೆಜ್ಜೆ ಅಷ್ಟೇ ಪರದೆಗೆ, ಮೈಕಿನ ವೈರು ಹಾಗೇ ಇದೆ, ಕಿತ್ತಿಲ್ಲ, ಅದು ಎಲ್ಲವನ್ನೂ ಕೇಳುತ್ತದೆ, ಕೆಮ್ಮನ್ನೂ ಬಳೆಯನ್ನೂ, ಎರಡು ಹೆಜ್ಜೆ, ಹ್ಯಾಂಬರ್ಗ್‌ನ ಗಿರಾಕಿ ಬಂದಾಗ ಇವರು ಎದೆಯುಬ್ಬಿಸಿ ನಕ್ಷೆ ಬರೆದವ ನಾನೇ ಅನ್ನುತ್ತಾರೆ, ನಾನು ಚಹದ ತಟ್ಟೆ ಹಿಡಿದು ಇದೇ ಪರದೆಯ ಹಿಂದೆ — ವಾಸ್ ಮಾಖನ್ ಝೀ, ಬಂತು, ಕೇಳಿದಳು, ಕಾಯುತ್ತಿದ್ದಾಳೆ, ಇವರ ಬೆರಳು ಗುಂಡಿಯ ಮೇಲೆ, ಕೆಂಪು ದೀಪ, ಅವ್ವ ರೇಷನ್ ಅಂಗಡಿಯಲ್ಲಿ ನಿಂತಿದ್ದಾಳೆ, ಕೆಂಪು ದೀಪ, ಪರದೆ ಸರಿಸಿದ ಕೈಯಲ್ಲಿ ಹಿಟ್ಟು, ಎಲ್ಲರಿಗೂ ತಿಳಿಯುವ ಮಾತಿನಲ್ಲೇ ಹೇಳುತ್ತೇನೆ, ಜರ್ಮನ್ ಯಾಕೆ ಬೇಕು — ನಕ್ಷಿ ನಾ ತಗೀತೀನಿ, ರಾಚಪ್ಪಾ, ಗಿಣಿ ನಂದದ — ಅತ್ತೆಯ ಬಳೆ ಝಲ್ಲೆಂದವು, ಮಾವ ಎದ್ದು ನಿಂತರು, ಇವರು ನನ್ನನ್ನೇ ನೋಡುತ್ತಿದ್ದಾರೆ, ಗುಂಡಿಯ ಮೇಲಿನ ಬೆರಳು ತೆಗೆಯುವುದನ್ನೇ ಮರೆತಿದ್ದಾರೆ, ಗಾಲಿ ತಿರುಗುತ್ತಿದೆ, ಕೆಂಪು ದೀಪ, ಆರಿಲ್ಲ, ಇನ್ನೂ ಆರಿಲ್ಲ, ಕೆಂಪು ದೀಪ